ಪಿಟಿ-ಐಎನ್‌ಆರ್ ಎಲ್ಲಿ ಮಾಡಿಸಬೇಕು? ಕಲಬುರಗಿಯ ಒಬ್ಬ ವಾಲ್ವ್ ಪೇಶಂಟ್ ಅಭಿಪ್ರಾಯ

ಕಲಬುರಗಿಯಲ್ಲಿ ಲ್ಯಾಬ್‌ಗಳಿಗೇನೂ ಬರ ಇಲ್ಲ. ಸೂಪರ್ ಮಾರ್ಕೆಟ್‌ನಿಂದ ಸೇಡಂ ರೋಡ್ ತನಕ ಒಂದು ಸುತ್ತು ಹಾಕಿದರೆ ಕಿರಾಣಿ ಅಂಗಡಿಗಿಂತ ಲ್ಯಾಬ್ ಬೋರ್ಡೇ ಜಾಸ್ತಿ ಕಾಣುತ್ತವೆ. ಶುಗರ್, ಥೈರಾಯ್ಡ್ ನೋಡಿಸೋದಾದರೆ ಎಲ್ಲಿಗೆ ಬೇಕಾದರೂ ಹೋಗಿ, ನನ್ನದೇನೂ ತಕರಾರಿಲ್ಲ. ಆದರೆ ಪಿಟಿ-ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋ ಪರೀಕ್ಷೆ, ಮಾಡಿಸೋರು ಸ್ವಲ್ಪ ನಿಂತು ನೋಡಬೇಕು. ಈ ಒಂದು ನಂಬರ್ ನೋಡಿಯೇ ಡಾಕ್ಟರ್ ನಮ್ಮ ರಾತ್ರಿ ಗುಳಿಗೆ ಎಷ್ಟು ಅಂತ ಹೇಳುತ್ತಾರೆ. ನಂಬರ್ ತಪ್ಪಾದರೆ ಗುಳಿಗೆಯೂ ತಪ್ಪು.

ನನ್ನದು ಮೆಕ್ಯಾನಿಕಲ್ ವಾಲ್ವ್, ಅಂದರೆ ಹೃದಯಕ್ಕೆ ಹಾಕಿದ ಕೃತಕ ಕವಾಟ, ಮೈಟ್ರಲ್ ಜಾಗದಲ್ಲಿ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ). ಸಣ್ಣವನಿದ್ದಾಗ ಬಂದ ಗಂಟಲು ನೋವು, ಜ್ವರ, ಕೀಲು ಬಾವು ಎಲ್ಲ ಸೇರಿ ಹೃದಯಕ್ಕೆ ಹತ್ತಿತ್ತು. ಆಪರೇಷನ್ ಸೊಲ್ಲಾಪುರದಲ್ಲಿ ಆಯಿತು. ಅಂದಿನಿಂದ ದಿನಾ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳೋ ಅಸಿಟ್ರಾಮ್ ಗುಳಿಗೆ, ಎಲ್ಲ ಸರಿಯಿದ್ದರೆ ತಿಂಗಳಿಗೊಮ್ಮೆ ಪರೀಕ್ಷೆ, ಡೋಸ್ ಬದಲಾದರೆ ಇನ್ನೂ ಬೇಗ. ನನ್ನ ಐಎನ್‌ಆರ್ 2.5ರಿಂದ 3.5ರ ಒಳಗೆ ಇರಬೇಕು. ಗುಳಿಗೆ ತಗೊಳ್ಳದ ಮನುಷ್ಯನದು 1ರ ಆಜುಬಾಜು ಇರುತ್ತೆ. ನನ್ನದು ಕೆಳಗೆ ಇಳಿದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯೋ ಭಯ. ಮೇಲೆ ಹೋದರೆ ಒಳಗೆ ಎಲ್ಲಾದರೂ ರಕ್ತ ಸೋರೋ ಭಯ.

ನಾನು ಕಾಯಂ ಹೋಗೋದು ನಮ್ಮ ಓಣಿಯಿಂದ ನಡೆದು ಹೋಗುವಷ್ಟು ದೂರದ ಒಂದು ಸಣ್ಣ ಲ್ಯಾಬಿಗೆ. ಹೆಸರು ಹಾಕಲೇನು ಅಂತ ಅಲ್ಲಿನ ಟೆಕ್ನಿಶಿಯನ್ ಹುಡುಗಿಯನ್ನು ಕೇಳಿದ್ದೆ. ‘ಬ್ಯಾಡ್ರಿ ಕಾಕಾ, ಮುಂಜಾನಿ ಪಾಳಿನೇ ಮುಗಿವಲ್ದು. ನೀವೊಂದು ಬರದು ಮತ್ತ ಮಂದಿ ಕಳಿಸಬ್ಯಾಡ್ರಿ’ ಅಂದಳು. ಹಾಗಾಗಿ ಹೆಸರಿಲ್ಲ. ಇರಲಿ, ನೀವು ಯಾವ ಲ್ಯಾಬಿಗೆ ಹೋದರೂ ಏನು ನೋಡಬೇಕು ಅನ್ನೋದನ್ನ ಈ ಲ್ಯಾಬ್ ನೆಪದಲ್ಲಿ ಹೇಳುತ್ತೇನೆ.

ನೋಡೋಕೆ ಏನೂ ಇಲ್ಲ. ಮೊದಲ ಮಹಡಿ, ಕಡಿದಾದ ಮೆಟ್ಟಿಲು, ಒಂದು ಬೆಂಚು, ಗೋಡೆಗೆ ಶರಣಬಸವೇಶ್ವರರ ಕ್ಯಾಲೆಂಡರ್. ಎಸಿ ಇರೋದು ಒಳಗಿನ ಮಷಿನ್ ರೂಮಿಗೆ ಮಾತ್ರ. ನಮಗೆ ಫ್ಯಾನು. ಮೊದಲ ಸಲ ಹೋದವರು ‘ಇದೇನ್ ಲ್ಯಾಬಪ್ಪ’ ಅಂದುಕೊಂಡರೆ ತಪ್ಪಿಲ್ಲ.

ಆದರೆ ರಕ್ತ ತೆಗೆಯೋದನ್ನ ನೋಡಬೇಕು. ಈ ಪರೀಕ್ಷೆಗೆ ತಿಳಿ ನೀಲಿ ಮುಚ್ಚಳದ ಟ್ಯೂಬ್ ಬೇಕು. ಅದರೊಳಗೆ ಮೊದಲೇ ಸ್ವಲ್ಪ ಸೋಡಿಯಂ ಸಿಟ್ರೇಟ್ ನೀರು ಇರುತ್ತೆ, 3.2 ಪರ್ಸೆಂಟಿನದು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಇದು ಲೆಕ್ಕ. ಟ್ಯೂಬ್ ಮೇಲೆ ಒಂದು ಗೆರೆ ಇದೆ, ರಕ್ತ ಆ ಗೆರೆ ಮುಟ್ಟಬೇಕು. ಸಿಟ್ರೇಟ್ ಮಾಡೋ ಕೆಲಸ ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟು ಹೆಪ್ಪುಗಟ್ಟದಂತೆ ನೋಡಿಕೊಳ್ಳೋದು. ಮುಂದೆ ಮಷಿನ್‌ನಲ್ಲಿ ಮತ್ತೆ ಕ್ಯಾಲ್ಸಿಯಂ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಟ್ಯೂಬ್ ಅರ್ಧಕ್ಕೇ ನಿಂತರೆ ರಕ್ತ ಕಡಿಮೆ, ಸಿಟ್ರೇಟ್ ಜಾಸ್ತಿ. ಆ ಹೆಚ್ಚಿನ ಸಿಟ್ರೇಟ್ ಹೊಸ ಕ್ಯಾಲ್ಸಿಯಂ ಅನ್ನೂ ನುಂಗಿಬಿಡುತ್ತೆ. ಹೆಪ್ಪುಗಟ್ಟೋಕೆ ತಡ ಆಗುತ್ತೆ, ಐಎನ್‌ಆರ್ ಸುಳ್ಳೇ ಮೇಲೆ ಕಾಣುತ್ತೆ.

ಈ ಹುಡುಗಿ ಟ್ಯೂಬನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡುತ್ತಾಳೆ. ಆಮೇಲೆ ನಿಧಾನಕ್ಕೆ ತಲೆಕೆಳಗೆ ಮಾಡಿ ಮೇಲೆತ್ತುತ್ತಾಳೆ, ಮೂರ್ನಾಲ್ಕು ಸಲ. ಗಡಗಡ ಅಲ್ಲಾಡಿಸೋದಿಲ್ಲ. ನನ್ನೆದುರೇ ಹೆಸರು, ಟೈಮ್ ಬರೆಯುತ್ತಾಳೆ. ನನ್ನ ನರ ಸಿಗೋದು ಕಷ್ಟ, ಕೆಲವು ಸಲ ಉದ್ದ ಪೈಪಿರೋ ಸಣ್ಣ ಸೂಜಿ ಹಾಕುತ್ತಾಳೆ. ಆಗ ಮೊದಲು ಒಂದು ಟ್ಯೂಬ್‌ಗೆ ಸ್ವಲ್ಪ ರಕ್ತ ಎಳೆದು ಅದನ್ನು ಬಿಸಾಡುತ್ತಾಳೆ. ‘ಯಾಕವ್ವ, ನನ್ನ ರಕ್ತ ದಂಡ ಮಾಡ್ತಿ?’ ಅಂತ ಕೇಳಿದೆ. ‘ಪೈಪಿನ್ಯಾಗ ಗಾಳಿ ಇರ್ತದ್ರಿ. ಅದು ನೀಲಿ ಟ್ಯೂಬಿಗೆ ಹೋದ್ರ ರಕ್ತ ಗೆರಿ ತನಕ ಬರಂಗಿಲ್ಲ.’ ಹತ್ತು ಸೆಕೆಂಡಿನ ಕೆಲಸ. ಎಷ್ಟು ಕಡೆ ಇದನ್ನ ಮಾಡುತ್ತಾರೆ ಅಂತ ನೀವೇ ಗಮನಿಸಿ.

ಸೂಜಿ ಚುಚ್ಚೋಕೆ ಮುಂಚೆ ಮೂರು ಪ್ರಶ್ನೆ ಕೇಳುತ್ತಾಳೆ. ಹೊಸ ಗುಳಿಗೆ ಏನಾದರೂ ಶುರು ಮಾಡಿದ್ದೀರಾ? ರಾತ್ರಿ ಗುಳಿಗೆ ಯಾವತ್ತಾದರೂ ತಪ್ಪಿದೆಯಾ? ಒಸಡು, ಮೂಗು, ಮೂತ್ರ, ಎಲ್ಲಾದರೂ ರಕ್ತ ಕಂಡಿದೆಯಾ? ಉತ್ತರ ಚೀಟಿ ಮೇಲೆ ಬರೆದು ರಿಪೋರ್ಟ್ ಜೊತೆ ಪಿನ್ ಮಾಡುತ್ತಾಳೆ. ಒಂದು ಬೇಸಿಗೆಯಲ್ಲಿ ನನಗೆ ಗಜಕರ್ಣ ಆಗಿತ್ತು. ದಾಲ್ ಮಿಲ್ ಕೆಲಸ, ಬೆವರು, ಧೂಳು, ಅದು ಬರೋದೇ. ಚರ್ಮದ ಡಾಕ್ಟರ್ ಫ್ಲುಕೊನಜೋಲ್ ಬರೆದಿದ್ದರು. ಚೀಟಿಯಲ್ಲಿ ಆ ಹೆಸರು ಬರೆಯುತ್ತಿದ್ದವಳು ಪೆನ್ ನಿಲ್ಲಿಸಿ ನಮ್ಮ ಹಾರ್ಟ್ ಡಾಕ್ಟರಿಗೆ ಫೋನ್ ಹಚ್ಚಿದಳು. ಅವತ್ತಿನ ಐಎನ್‌ಆರ್ 4.7. ಡಾಕ್ಟರ್ ಡೋಸ್ ಇಳಿಸಿ, ಮೂರು ದಿನ ಬಿಟ್ಟು ಮತ್ತೆ ನೋಡೋಣ ಅಂದರು. ಫಂಗಸ್ ಗುಳಿಗೆ, ಭೇದಿಗೆ ಕೊಡೋ ಮೆಟ್ರೋನಿಡಜೋಲ್, ಸಲ್ಫಾ ಇರೋ ಕೋಟ್ರೈಮೊಕ್ಸಜೋಲ್, ಇವೆಲ್ಲ ನಮ್ಮ ಗುಳಿಗೆಯ ಜೋರು ಹೆಚ್ಚಿಸುತ್ತವೆ. ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಲ್ಲಿ ಸುಮ್ನೆ ಕೈಗಿಡೋ ಡೈಕ್ಲೋಫೆನಾಕ್, ಐಬುಪ್ರೊಫೆನ್ ಹೊಟ್ಟೆಯಲ್ಲಿ ರಕ್ತ ಸೋರಿಸಬಹುದು. ಲ್ಯಾಬ್ ಹುಡುಗಿ ಇಷ್ಟನ್ನೆಲ್ಲ ನೋಡಬೇಕಂತ ರೂಲ್ ಏನಿಲ್ಲ. ಆದರೂ ನೋಡುತ್ತಾಳೆ. ನಾನು ಈ ಲ್ಯಾಬಿಗೆ ಕೊಡೋ ಮಾರ್ಕ್ಸ್‌ನಲ್ಲಿ ಅರ್ಧ ಈ ಚೀಟಿಗೇ.

ಇನ್ನು ಮಷಿನ್. ರಕ್ತವನ್ನು ತಿರುಗಿಸಿ ಮೇಲಿನ ಹಳದಿ ನೀರು, ಅಂದರೆ ಪ್ಲಾಸ್ಮಾ, ಬೇರೆ ಮಾಡುತ್ತಾರೆ. ಅದನ್ನು 37 ಡಿಗ್ರಿಗೆ ಬಿಸಿ ಮಾಡಿ ರೀಏಜೆಂಟ್ ಹಾಕುತ್ತಾರೆ, ಅದರಲ್ಲಿ ಹೆಪ್ಪುಗಟ್ಟೋದನ್ನ ಶುರು ಮಾಡೋ ಥ್ರಾಂಬೋಪ್ಲಾಸ್ಟಿನ್ ಮತ್ತು ಕ್ಯಾಲ್ಸಿಯಂ ಇರುತ್ತೆ. ಹಾಕಿದ ಕ್ಷಣದಿಂದ ಸೆಕೆಂಡು ಓಡುತ್ತೆ, ಹೆಪ್ಪುಗಟ್ಟಿದಾಗ ನಿಲ್ಲುತ್ತೆ. ಅದೇ ಪಿಟಿ. ಒಂದು ದಿನ ಬಾಗಿಲಲ್ಲಿ ನಿಂತು ನೋಡಿದ್ದೆ. ಬೇರೆ ಯಾರದೋ 13ಕ್ಕೆ ನಿಂತಿತು. ನನ್ನದು 20 ದಾಟಿತು, 25 ದಾಟಿತು, ಇನ್ನೂ ಓಡುತ್ತಲೇ ಇತ್ತು. ಅಷ್ಟು ಹೊತ್ತು ನಾನೂ ಉಸಿರು ಹಿಡಿದಿದ್ದೆ ಅಂತ ಕಾಣುತ್ತೆ, 31ಕ್ಕೆ ನಿಂತಾಗ ಅವಳು ನಕ್ಕಳು.

ಬರೀ ಸೆಕೆಂಡು ನೋಡಿ ಹೆದರೋರು ಇದ್ದಾರೆ. ಒಂದು ಕಂಪನಿಯ ರೀಏಜೆಂಟ್‌ಗೂ ಇನ್ನೊಂದಕ್ಕೂ ಸೆಕೆಂಡು ಬೇರೆ ಬರುತ್ತೆ. ಇದನ್ನು ಒಂದೇ ಅಳತೆಗೆ ತರೋಕೆ 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐಎನ್‌ಆರ್ ಲೆಕ್ಕ ತಂದಿತು. ಪೇಶಂಟಿನ ಸೆಕೆಂಡನ್ನು ನಾರ್ಮಲ್ ಸೆಕೆಂಡಿನಿಂದ ಭಾಗಿಸಿ, ಅದನ್ನು ಐಎಸ್‌ಐ ಅನ್ನೋ ನಂಬರಿನ (ಆ ರೀಏಜೆಂಟ್ ಎಷ್ಟು ಚುರುಕು ಅಂತ ಹೇಳೋ ಅಂಕಿ) ಘಾತಕ್ಕೆ ಏರಿಸಬೇಕು. ನನ್ನ ಆವತ್ತಿನ ರಿಪೋರ್ಟ್ ಹೀಗಿತ್ತು: ನನ್ನದು 31.2, ನಾರ್ಮಲ್ 12.5, ಐಎಸ್‌ಐ 1.1. ಐಎನ್‌ಆರ್ 2.7. ಮನೆಗೆ ಬಂದು ಮಗಳ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿದೆ, ಸರಿ ಬಂತು. ಅದೇ ಸೆಕೆಂಡುಗಳಿಗೆ ಐಎಸ್‌ಐ 1.3 ಅಂತ ಹಾಕಿದೆ. 3.3 ಬಂತು! ರೀಏಜೆಂಟ್ ಬಾಟಲಿ ಲಾಟ್ ಬದಲಾದಾಗ ಈ ನಂಬರ್ ಬದಲಾಗಬಹುದು. ಹೊಸ ಬಾಟಲಿ ತಂದು ಹಳೆ ಐಎಸ್‌ಐ ಇಟ್ಟುಕೊಂಡೇ ಲೆಕ್ಕ ಹಾಕಿದರೆ ಎಲ್ಲರ ರಿಪೋರ್ಟೂ ತಪ್ಪು. ಈ ಲ್ಯಾಬಿನಲ್ಲಿ ಕಿಟ್ ಜೊತೆ ಬರೋ ಕಾಗದವನ್ನು ಮಷಿನ್ ಮೇಲಿನ ಗೋಡೆಗೆ ಅಂಟಿಸಿರುತ್ತಾರೆ, ಐಎಸ್‌ಐ ಸುತ್ತ ಕೆಂಪು ಪೆನ್ನಿನ ಗುರುತು. ರಿಪೋರ್ಟಿನಲ್ಲೂ ಮೂರೂ ನಂಬರ್ ಅಚ್ಚಾಗಿರುತ್ತವೆ. ಐಎನ್‌ಆರ್ ಒಂದನ್ನೇ ಬರೆದು ಕೊಡೋ ಲ್ಯಾಬ್ ಇದ್ದರೆ ಆ ಮೂರು ಎಲ್ಲಿ ಅಂತ ಕೇಳಿ.

ನನಗೆ ಇನ್ನೊಂದು ಮುಖ್ಯ ವಿಷಯ ಟೈಮ್. ನಮ್ಮ ಗುಳಿಗೆಯನ್ನು ಸಂಜೆ ಮೇಲೆ ತಗೊಳ್ಳಿ ಅಂತ ಡಾಕ್ಟರ್ ಹೇಳೋಕೆ ಕಾರಣ ಇದೆ. ಬೆಳಿಗ್ಗೆ ರಕ್ತ ಕೊಟ್ಟರೆ ಮಧ್ಯಾಹ್ನ ರಿಪೋರ್ಟ್, ಅದನ್ನು ನೋಡಿ ಆ ರಾತ್ರಿಯ ಡೋಸ್. ರಿಪೋರ್ಟ್ ಮರುದಿನ ಬಂದರೆ ಒಂದು ರಾತ್ರಿ ಕುರುಡು ಗುಳಿಗೆ ನುಂಗಿದ ಹಾಗೆ. ಇಲ್ಲಿ ಎಂಟೂವರೆಗೆ ಕೊಟ್ಟರೆ ಊಟದ ಹೊತ್ತಿಗೆ ವಾಟ್ಸಪ್‌ಗೆ ಬರುತ್ತೆ. ಅಂಕಿ ತೀರಾ ಆಚೀಚೆ ಇದ್ದರೆ ಫೋನೇ ಬರುತ್ತೆ.

ಎಲ್ಲ ಕಡೆ ಹೀಗಿರೋದಿಲ್ಲ. ಒಮ್ಮೆ ಮನೆಗೇ ಬಂದು ರಕ್ತ ತಗೊಂಡು ಹೋಗೋ ದೊಡ್ಡ ಲ್ಯಾಬೊಂದರ ಹುಡುಗನನ್ನು ಕರೆಸಿದ್ದೆವು. ಮೇ ತಿಂಗಳು. ಹುಡುಗ ಸೌಮ್ಯ, ಬ್ಯಾಗು ಹೊಸದು, ಬಿಲ್ಲು ಮೊಬೈಲಿಗೇ ಬಂತು. ನೀಲಿ ಟ್ಯೂಬಿಗೆ ರಕ್ತ ಗೆರೆಗಿಂತ ಬಹಳ ಕೆಳಗೇ ನಿಂತಿತು. ಹೇಳಿದರೆ ‘ಸಾಕಾಗ್ತದ ಸರ್’ ಅಂದ. ಅಲ್ಲಿಂದ ಅವನು ಇನ್ನೂ ನಾಲ್ಕು ಮನೆ ತಿರುಗಬೇಕಿತ್ತು, ಬೈಕಿನ ಮೇಲೆ, ಆ ಬಿಸಿಲಲ್ಲಿ. ಕಲಬುರಗಿಯ ಮೇ ಬಿಸಿಲು ಗೊತ್ತಲ್ಲ, 42 ಡಿಗ್ರಿ ದಾಟೋದು ಇಲ್ಲಿ ಸುದ್ದಿಯೇ ಅಲ್ಲ. ಸ್ಯಾಂಪಲ್ ರಾತ್ರಿ ಬೇರೆ ಊರಿಗೆ ಹೋಯಿತು. ಮರುದಿನ ರಿಪೋರ್ಟ್: 4.6. ಒಸಡಿನಲ್ಲಿ ರಕ್ತ ಇಲ್ಲ, ಮೈ ಮೇಲೆ ಕಲೆ ಇಲ್ಲ, ಗುಳಿಗೆ ಬದಲಾಗಿಲ್ಲ. ಡಾಕ್ಟರ್ ಡೋಸ್ ಮುಟ್ಟಲಿಲ್ಲ, ಮೊದಲು ಮತ್ತೊಮ್ಮೆ ರಕ್ತ ಕೊಟ್ಟು ಬಾ ಅಂದರು. ನಮ್ಮ ಸಣ್ಣ ಲ್ಯಾಬಿನಲ್ಲಿ 2.9 ಬಂತು. ಆ 4.6 ನಂಬಿ ಗುಳಿಗೆ ನಿಲ್ಲಿಸಿದ್ದರೆ? ನಮ್ಮಂಥ ವಾಲ್ವಿನವರಿಗೆ ಸುಳ್ಳು ಹೈ ರಿಪೋರ್ಟ್ ಅದಕ್ಕೇ ಅಪಾಯ. ಇಲ್ಲದ ಬೆಂಕಿ ಆರಿಸೋಕೆ ಹೋಗಿ ವಾಲ್ವ್ ಜಾಮ್ ಆಗುತ್ತೆ. ದೂರು ಹೇಳಿದ್ದಕ್ಕೆ ಆ ಕಂಪನಿಯವರು ಮುಂದಿನ ಟೆಸ್ಟಿಗೆ ಡಿಸ್ಕೌಂಟ್ ಕೂಪನ್ ಕಳಿಸಿದರು. ನಗು ಬಂತು.

ಸರ್ಕಾರಿ ದವಾಖಾನೆಯಲ್ಲಿ ಖರ್ಚು ಕಡಿಮೆ. ಮಿಲ್‌ಗೆ ರಜೆ ಹಾಕೋಕಾಗದವರಿಗೆ ಪಾಳಿ ಕಷ್ಟ, ಅಷ್ಟೇ. ಜಯದೇವದ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಇಲ್ಲೇ ಉದ್ಘಾಟನೆ ಆದ ಮೇಲೆ ಹಾರ್ಟ್ ಪೇಶಂಟ್‌ಗಳು ಸೊಲ್ಲಾಪುರ, ಹೈದರಾಬಾದ್ ಬಸ್ ಹತ್ತೋದು ಕಡಿಮೆ ಆಗಬೇಕು. ಒಳ್ಳೇದೇ.

ಎಲ್ಲಿ ಮಾಡಿಸಿದರೂ ಒಂದೇ ಕಡೆ ಮಾಡಿಸಿ. ನಮ್ಮ ಮಿಲ್‌ನಲ್ಲಿ ತೊಗರಿ ಬಂದಾಗ ತೇವಾಂಶ ನೋಡೋಕೆ ಮೀಟರ್ ಇದೆ. ಎರಡು ಮೀಟರ್‌ನಲ್ಲಿ ಒಂದೇ ಚೀಲದ ತೊಗರಿ ಹಾಕಿದರೆ ಎರಡು ನಂಬರ್ ಬರುತ್ತೆ. ಎರಡೂ ಕೆಟ್ಟಿಲ್ಲ. ಆದರೆ ರೈತನ ಜೊತೆ ಜಗಳ ಬೇಡ ಅಂದರೆ ಒಂದೇ ಮೀಟರಿನ ಮೇಲೆ ವ್ಯವಹಾರ ಮಾಡಬೇಕು. ಐಎನ್‌ಆರ್ ಕೂಡ ಹಾಗೇ. ಲೆಕ್ಕ ಒಂದೇ ಮಾಡಿದ್ದರೂ ಲ್ಯಾಬಿಂದ ಲ್ಯಾಬಿಗೆ ಸ್ವಲ್ಪ ಆಚೀಚೆ ಇದ್ದೇ ಇರುತ್ತೆ. ಹೋದ ತಿಂಗಳು ಇಲ್ಲಿ, ಈ ತಿಂಗಳು ಅಲ್ಲಿ ಮಾಡಿಸಿದರೆ ಏರಿದ್ದು ರಕ್ತವೋ ಲ್ಯಾಬೋ ತಿಳಿಯೋದಿಲ್ಲ.

ಮನೆಯಲ್ಲೇ ನೋಡೋ ಮೀಟರ್ ಬಗ್ಗೆ ಬಹಳ ಜನ ಕೇಳುತ್ತಾರೆ. ನಮ್ಮ ಅಳಿಯ ಹೈದರಾಬಾದಿನಿಂದ ಒಂದು ತಂದುಕೊಟ್ಟಿದ್ದಾನೆ. ಶುಗರ್ ಮೀಟರ್ ಹಾಗೇ ಕಾಣುತ್ತೆ. ಬೆರಳಿಗೆ ಚುಚ್ಚಿ, ಒಂದು ಹನಿ ಸ್ಟ್ರಿಪ್ ಮೇಲೆ ಹಾಕಿದರೆ ಸುಮಾರು ಒಂದು ನಿಮಿಷದಲ್ಲಿ ನಂಬರ್. ಸ್ಟ್ರಿಪ್ ಒಳಗೇ ಥ್ರಾಂಬೋಪ್ಲಾಸ್ಟಿನ್ ಇರುತ್ತೆ. ನಮ್ಮ ಲ್ಯಾಬ್ ರಿಪೋರ್ಟ್ ಜೊತೆ ಹೋಲಿಸಿದೆ, 2ರಿಂದ 3.5ರ ಒಳಗೆ ಹತ್ತಿರ ಹತ್ತಿರವೇ ಬಂತು. ನರದಿಂದ ರಕ್ತ ಎಳೆಯೋ ತಾಪತ್ರಯ ಇಲ್ಲ, ಅದು ದೊಡ್ಡ ಸುಖ.

ಆದರೆ ನಮ್ಮೂರಿನ ಬಿಸಿಲಿಗೆ ಅದು ಹುಟ್ಟಿದ್ದಲ್ಲ. ರೂಮ್ 32 ಡಿಗ್ರಿ ದಾಟಬಾರದು, ಸ್ಟ್ರಿಪ್ 30 ಡಿಗ್ರಿಗಿಂತ ಕೆಳಗೆ ಇಡಬೇಕು ಅಂತ ಅದರ ಪುಸ್ತಕದಲ್ಲೇ ಇದೆ. ಏಪ್ರಿಲ್ ಮಧ್ಯಾಹ್ನ ಆನ್ ಮಾಡಿದರೆ ಥರ್ಮಾಮೀಟರಿನ ಚಿತ್ರ ತೋರಿಸಿ ಸುಮ್ಮನಾಗುತ್ತೆ. ಬೆಳಗಿನ ಜಾವವೇ ನೋಡಬೇಕು. ಸ್ಟ್ರಿಪ್ ಒಂದಕ್ಕೇ ಲ್ಯಾಬ್ ಟೆಸ್ಟಿಗಿಂತ ಜಾಸ್ತಿ ಬೀಳುತ್ತೆ. ನಂಬರ್ ಮೇಲೆ ಹೋದಷ್ಟೂ ಇಂಥ ಮೀಟರ್ ಮತ್ತು ಲ್ಯಾಬಿನ ನಡುವೆ ಅಂತರ ಜಾಸ್ತಿ, ಹಾಗಾಗಿ 4 ದಾಟಿದರೆ ಲ್ಯಾಬಿನಲ್ಲಿ ನೋಡಿಸು ಅಂತ ಡಾಕ್ಟರ್ ಹೇಳಿದ್ದಾರೆ. ರಕ್ತ ತೀರಾ ಕಡಿಮೆ ಇದ್ದವರಿಗೆ, ಆಂಟಿಫಾಸ್ಫೋಲಿಪಿಡ್ ತೊಂದರೆ (ರಕ್ತ ಸುಮ್ನೆ ಹೆಪ್ಪುಗಟ್ಟೋ ಒಂದು ಕಾಯಿಲೆ) ಇದ್ದವರಿಗೆ ಇದು ಸರಿಯಾಗಿ ಬರೋದಿಲ್ಲ. ನಿಜ ಹೇಳಬೇಕಂದರೆ ಮೀಟರ್ ಬೇಕಾಗಿರೋದು ಲ್ಯಾಬ್ ಪಕ್ಕದಲ್ಲೇ ಇರೋ ನನಗಲ್ಲ. ಅಫಜಲಪುರ, ಆಳಂದ ಕಡೆ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಿ ಬರೋರಿಗೆ. ಅವರ ಕೈಗೆ ಅದು ಎಟುಕೋದಿಲ್ಲ. ತಾಲೂಕು ಆಸ್ಪತ್ರೆಗೊಂದು ಇಟ್ಟರೆ ಎಷ್ಟೋ ಜನ ಬದುಕಿಕೊಳ್ಳುತ್ತಾರೆ.

ಅಂಥವರೊಬ್ಬರು ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದರು. ‘ನಮ್ಮ ಮಾವಗ ಹೊಸಾ ಗುಳಿಗಿ ಕೊಟ್ಟಾರ್ರಿ, ಟೆಸ್ಟೇ ಬ್ಯಾಡಂತ. ನಿಮಗ್ಯಾಕ ಕೊಡವಲ್ರು?’ ಅಂದರು. ಅವರ ಮಾವನಿಗೆ ವಾಲ್ವ್ ಹಾಕಿಲ್ಲ, ಎದೆ ಬಡಿತ ಏರುಪೇರು ಅಷ್ಟೇ. ಅಂಥವರಲ್ಲಿ ಬಹಳ ಜನಕ್ಕೆ ಅಪಿಕ್ಸಬಾನ್, ಡಾಬಿಗಟ್ರಾನ್ ಕೊಡುತ್ತಾರೆ, ತಿಂಗಳ ಐಎನ್‌ಆರ್ ಬೇಕಿಲ್ಲ. ಮೆಕ್ಯಾನಿಕಲ್ ವಾಲ್ವಿಗೆ ಅವು ನಡೆಯೋದಿಲ್ಲ. ಡಾಬಿಗಟ್ರಾನ್ ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಹೆಪ್ಪುಗಟ್ಟೋದೂ ಜಾಸ್ತಿ, ರಕ್ತ ಸೋರೋದೂ ಜಾಸ್ತಿ ಆಗಿ ನಡುವೆಯೇ ನಿಲ್ಲಿಸಿದರು. 2013ರಲ್ಲಿ ಅದರ ವಿವರ ಪ್ರಕಟವಾಯಿತು. ಹಾಗಾಗಿ ನಮಗೆ ಹಳೆಯ ಜಾತಿಯ ಗುಳಿಗೆಯೇ ಗತಿ, ವಾರ್ಫರಿನ್ ಇಲ್ಲಾ ಅಸೆನೊಕೌಮರಾಲ್ (ನನ್ನ ಅಸಿಟ್ರಾಮ್ ಇದೇ). ‘ಇಲಿ ಪಾಷಾಣ ತಿಂತಾನಂತ’ ಅಂತ ನಮ್ಮ ಓಣಿಯಲ್ಲಿ ಮಾತಿದೆ. ಸುಳ್ಳೇನಲ್ಲ. ವಾರ್ಫರಿನ್ 1948ರಲ್ಲಿ ಅಮೆರಿಕದಲ್ಲಿ ಇಲಿ ಪಾಷಾಣವಾಗಿಯೇ ಮಾರುಕಟ್ಟೆಗೆ ಬಂದದ್ದು, ಮನುಷ್ಯರಿಗೆ ಕೊಡೋಕೆ ಒಪ್ಪಿಗೆ ಸಿಕ್ಕಿದ್ದು 1954ರಲ್ಲಿ. ಅದಕ್ಕೂ ಮುಂಚೆ 1920ರ ದಶಕದಲ್ಲಿ ಅಲ್ಲಿನ ದನಗಳು ಕೊಳೆತ ಕ್ಲೋವರ್ ಮೇವು ತಿಂದು ರಕ್ತ ಸೋರಿ ಸಾಯುತ್ತಿದ್ದವು. ಆ ಜಾಡು ಹಿಡಿದೇ ಈ ಮದ್ದು ಸಿಕ್ಕಿದೆ.

ಲ್ಯಾಬಿನ ಮೇಲೆ ನನಗಿರೋ ಒಂದು ಸಿಟ್ಟು ಗೋಡೆಯ ಚಾರ್ಟ್. ‘ಹಸಿರು ಸೊಪ್ಪು ತಿನ್ನಬೇಡಿ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಅದನ್ನು ಓದಿ ಪುಂಡಿ ಪಲ್ಯ, ಮೆಂತ್ಯ, ಪಾಲಕ್ ಎಲ್ಲ ಬಿಟ್ಟು ಬರೀ ರೊಟ್ಟಿ ಬೇಳೆ ತಿನ್ನೋ ಮುದುಕರನ್ನು ನೋಡಿದ್ದೇನೆ. ಸೊಪ್ಪಿನಲ್ಲಿರೋ ವಿಟಮಿನ್ ಕೆ ಗುಳಿಗೆಯ ಕೆಲಸಕ್ಕೆ ಅಡ್ಡ ಬರುತ್ತೆ, ಅದು ನಿಜ. ಆದರೆ ನನ್ನ ಡಾಕ್ಟರ್ ಹೇಳೋದು ಬಿಡು ಅಂತಲ್ಲ, ವಾರ ವಾರ ಒಂದೇ ಪ್ರಮಾಣದಲ್ಲಿ ತಿನ್ನು ಅಂತ. ಅದಕ್ಕೆ ತಕ್ಕಂತೆ ಅವರು ಗುಳಿಗೆ ಹೊಂದಿಸುತ್ತಾರೆ. ವರ್ಷಕ್ಕೊಮ್ಮೆ ಮಾತ್ರ ನನ್ನ ಲೆಕ್ಕ ತಪ್ಪೋದು ಎಳ್ಳಮಾವಾಸ್ಯೆಗೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಜೊತೆ ಭಜ್ಜಿ ಬಡಿಸಿದರೆ ಯಾರು ಬಿಡುತ್ತಾರೆ? ಸಿಕ್ಕ ಸೊಪ್ಪು, ಹಸಿ ಕಾಳು ಎಲ್ಲ ಹಾಕಿದ ಭಜ್ಜಿ ಅದು, ಮನೆಯಲ್ಲಿ ಮೂರು ದಿನ ಅದೇ ಊಟ. ಆ ವಾರ ಐಎನ್‌ಆರ್ ಇಳಿದೇ ಇರುತ್ತೆ, ಒಮ್ಮೆ 2.2ಕ್ಕೆ ಬಂದಿತ್ತು. ಹುಡುಗಿಗೂ ಗೊತ್ತು. ಚೀಟಿ ಮೇಲೆ ‘ಭಜ್ಜಿ’ ಅಂತ ಬರೆದು ಕಳಿಸುತ್ತಾಳೆ, ಡಾಕ್ಟರ್ ಓದಿ ನಗುತ್ತಾರೆ, ಒಂದು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಚಾರ್ಟ್ ತೆಗೀರಿ ಅಂತ ಮಾಲೀಕರಿಗೆ ಹೇಳಿದೆ. ಯಾವುದೋ ಕಂಪನಿ ಫ್ರೀ ಕೊಟ್ಟಿದ್ದಂತೆ, ಗೋಡೆಯ ಬಿರುಕು ಮುಚ್ಚೋಕೆ ಹಾಕಿದ್ದಂತೆ!

ರೇಟು: ಈಗ ನಾನು ಕೊಡೋದು 300 ರೂಪಾಯಿ. ಇದಕ್ಕಿಂತ ಕಡಿಮೆಗೆ ಮಾಡೋರೂ ಇದ್ದಾರೆ. ಉಪವಾಸ ಬೇಕಿಲ್ಲ, ಚಹಾ ಕುಡಿದೇ ಹೋಗಬಹುದು. ಮಂಡಿ ನೋವಿರೋರಿಗೆ ಆ ಮೆಟ್ಟಿಲು ಶಿಕ್ಷೆ, ಫೋನ್ ಮಾಡಿದರೆ ಹುಡುಗಿ ಕೆಳಗಿಳಿದು ಬಂದು ಕುರ್ಚಿ ಹಾಕಿ ರಕ್ತ ತಗೊಳ್ಳುತ್ತಾಳೆ. ಟೆಸ್ಟ್ ಆದ ಮೇಲೆ ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿಯಿರಿ, ನಮಗೆ ಬೇಗ ನಿಲ್ಲೋದಿಲ್ಲ. ಭಾನುವಾರ ಬಂದ್. ಹೋಳಿ ಮುಗಿದ ಮೇಲೆ ಬರೋ ಶರಣಬಸವೇಶ್ವರ ಜಾತ್ರೆ, ತೇರಿನ ದಿನವೂ ಶಟರ್ ಎಳೆದಿರುತ್ತಾರೆ. ಆ ವಾರ ಟೆಸ್ಟ್ ಇದ್ದವರು ಎರಡು ದಿನ ಮುಂಚೆಯೇ ಹೋಗಿ ಬನ್ನಿ.